ಏಳು ತಂತಿಯ ಪಿಟೀಲು

ಪಿಟೀಲು ಚೌಡಯ್ಯನವರ ಹೆಸರನ್ನು ಕೇಳದ ಸಂಗೀತಪ್ರಿಯರು ನಾಡಿನಲ್ಲಿ ವಿರಳ. ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಜನಿಸಿದ ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಹಾಡುಗಾರರು; ಶಿಸ್ತಿನಲ್ಲಿ ಕಠೋರರು. ಹಾಡುವ ಕಂಠದ ಹಿಂದೆ ಕಮಾನನ್ನು ನಡೆಸುವುದನ್ನು ಶಿಷ್ಯರು ಅಲ್ಲಿ ಕಲಿತರು.

ಅಂದಿನ ಕಚೇರಿಗಳಲ್ಲಿ ಧ್ವನಿವರ್ಧಕಗಳಿರಲಿಲ್ಲ. ತುಂಬು ಕಂಠದ ಗಾಯಕರ ದನಿ ಚಪ್ಪರದ ಕೊನೆಯವರೆಗೂ ಹರಿಯುತ್ತಿತ್ತು. ಪಿಟೀಲಿನ ನಾದ ನಡುವೆಯೇ ಸೊರಗುತ್ತಿತ್ತು. ಹಿಂದೆ ಕುಳಿತವರಿಗೆ ಕೇಳಿಸದ ಮೇಲೆ ವಾದಕನ ಸಾಧನೆಗೆ ಬೆಲೆಯೆಲ್ಲಿ?

ಇಂತಹುದೇ ಕೊರತೆ ಯೂರೋಪಿನಲ್ಲಿಯೂ ಒಮ್ಮೆ ಕಾಣಿಸಿಕೊಂಡಿತ್ತು. ಹದಿನೆಂಟನೆಯ ಶತಮಾನದ ಕೊನೆಯಿಂದ ಸಭಾಂಗಣಗಳು ದೊಡ್ಡವಾಗುತ್ತ ಬಂದಾಗ, ಇಟಲಿಯ ಸ್ಟ್ರಾಡಿವೇರಿ ತಯಾರಿಸಿದ್ದ ಹಳೆಯ ಪಿಟೀಲುಗಳ ಕುತ್ತಿಗೆಯನ್ನೇ ಕಳಚಿ, ತುಸು ನೀಳವಾದುದನ್ನು ಹೆಚ್ಚು ಹಿಂದಕ್ಕೆ ಓರೆಯಾಗಿ ಕೂಡಿಸಿದರು. ತಂತಿಗಳ ಬಿಗುವೂ ಕುದುರೆಯ ಮೇಲಿನ ಒತ್ತಡವೂ ಹೆಚ್ಚಿ ನಾದ ಬಲವಾಯಿತು. ಮರಗೆಲಸದಲ್ಲಿ ಇದು ಬಹು ನಾಜೂಕಾದ ಕೆಲಸ. ಸಾಮಾನ್ಯ ಪಿಟೀಲಿನ ನಾಲ್ಕು ತಂತಿಗಳೇ ಸುಮಾರು 20ರಿಂದ 25 ಕಿಲೋಗ್ರಾಂ ಭಾರದಷ್ಟು ಬಲದಿಂದ ಕುತ್ತಿಗೆಯನ್ನು ಎಳೆಯುತ್ತವೆ. ಲೋಹದ ತಂತಿಯ ಗಿಟಾರಿನಲ್ಲಿ ಈ ಎಳೆತ ಇನ್ನೂ ಅಧಿಕ. ವರ್ಷಗಳು ಕಳೆದಂತೆ ಕುತ್ತಿಗೆ ಮುಂದಕ್ಕೆ ಬಾಗಿ, ತಂತಿಗಳು ಪಟ್ಟಿಯಿಂದ ಮೇಲೆದ್ದು, ಬೆರಳಿಗೆ ಒಗ್ಗದಾಗುತ್ತವೆ. ಆಗ ಅಂಟನ್ನು ಸಡಿಲಿಸಿ, ಬುಡವನ್ನು ಕೂದಲೆಳೆಯಷ್ಟು ಹೆರೆದು, ಮತ್ತೆ ಸರಿಯಾದ ಕೋನಕ್ಕೆ ಕೂಡಿಸಬೇಕು.

ಚೌಡಯ್ಯನವರು ಹಿಡಿದ ದಾರಿ ಬೇರೆ. 1920ರ ದಶಕದಲ್ಲಿ ಅವರು ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಒಂದೊಂದು ಜೊತೆತಂತಿಯನ್ನು ಬಿಗಿದು ಪಿಟೀಲನ್ನು ಏಳು ತಂತಿಯದಾಗಿಸಿದರು. ಹೇಳಲು ಇದು ಸುಲಭ. ತಂತಿಗಳು ಹೆಚ್ಚಿದಂತೆ ಕುತ್ತಿಗೆಯ ಮೇಲಿನ ಎಳೆತವೂ ಹೆಚ್ಚುತ್ತದೆ. ಬಿರಡೆಗಳಿಗೆ ಸ್ಥಳ ಬೇಕು. ಜೋಡಿತಂತಿಗಳನ್ನು ಒಂದೇ ಬೆರಳು ಒಟ್ಟಿಗೆ ಅದುಮಬೇಕು. ಅವೆರಡರ ಶ್ರುತಿಯಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ನಾದ ನಡುಗುತ್ತದೆ. ಸಾಮಾನ್ಯ ವಾದಕನಿಗೆ ಇದು ತೊಡಕೇ ಸರಿ. ಚೌಡಯ್ಯನವರ ಕೈಯಲ್ಲಿ ಅದು ತುಂಬುನಾದದ ವಾದ್ಯವಾಯಿತು. ಒಪ್ಪದವರೂ ಇದ್ದರು, ಅವರು ಏಳು ತಂತಿಗಳನ್ನು ಬಿಡಲಿಲ್ಲ. ಚೆಂಬೈ ವೈದ್ಯನಾಥ ಭಾಗವತರಂತಹ ಘನ ಕಂಠದವರಿಗೂ ಪಕ್ಕವಾದ್ಯ ನುಡಿಸಿದರು.

ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದ ಅವರಿಗೆ 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂದಿತು. 1967ರಲ್ಲಿ ಅವರು ತೀರಿಕೊಂಡರು. ಧ್ವನಿವರ್ಧಕ ಎಲ್ಲೆಡೆ ಬಂದ ಮೇಲೆ ಏಳು ತಂತಿಗಳ ಅಗತ್ಯ ಕಡಿಮೆಯಾಯಿತು, ನುಡಿಸುವವರೂ ವಿರಳರಾದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಭವನವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ್ದಾರೆ.