ಬಟ್ಟೆಗೆ ಕೊಟ್ಟ ದುಡ್ಡು ಯಾರ ಕೈಗೆ? ಮಂಗಳೂರಿನ ಕಮಲಾದೇವಿಯ ಕಥೆ

ಎಥ್ನಿಕ್ ಡೇ ಹತ್ತಿರ ಬಂತೆಂದರೆ ಸಾಕು, ಕ್ಯಾಂಟೀನಿನಲ್ಲಿ ಎಲ್ಲರ ಮಾತೂ ಬಟ್ಟೆಯದ್ದೇ. ಒಬ್ಬರಿಗೆ ಹಂಪನಕಟ್ಟೆಯ ಅಂಗಡಿಯಲ್ಲಿ ನೋಡಿಟ್ಟ ಸೀರೆ ಬೇಕು, ಇನ್ನೊಬ್ಬರಿಗೆ ಮಾಲ್‌ನ ಬ್ರ್ಯಾಂಡೆಡ್ ಕುರ್ತಾವೇ ಆಗಬೇಕು. ಮನೆಗೆ ಫೋನ್ ಮಾಡಿ ಬೆಲೆ ಹೇಳಿದರೆ ಅಮ್ಮಂದಿರದು ಒಂದೇ ರಾಗ: ಒಂದು ದಿನ ಹಾಕುವುದಕ್ಕೆ ಅಷ್ಟೊಂದು ದುಡ್ಡು ಎಂಥದಕ್ಕೆ ಮಾರಾಯ್ತಿ ಅಂತ. ಅವರ ಮಾತಿನಲ್ಲಿ ತಪ್ಪೇನಿಲ್ಲ. ದುಬಾರಿ ಬಟ್ಟೆ ನಿಜಕ್ಕೂ ಅಷ್ಟು ಬೆಲೆ ಬಾಳುತ್ತದಾ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮೂರಿನಲ್ಲೇ ಹುಟ್ಟಿದ ಒಬ್ಬರ ಬದುಕು ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಅವರೇ ಕಮಲಾದೇವಿ ಚಟ್ಟೋಪಾಧ್ಯಾಯ. ಹೆಸರು ಕೇಳಿ ಬಂಗಾಳದವರು ಅಂದುಕೊಳ್ಳುವವರೇ ಹೆಚ್ಚು. ಆದರೆ ಅವರು ಅಪ್ಪಟ ಮಂಗಳೂರಿನವರು. 2018ರ ಏಪ್ರಿಲ್ 3ರಂದು ಗೂಗಲ್ ಡೂಡಲ್ ಆಗಿ ಬಂದದ್ದು ಇವರದೇ ಚಿತ್ರ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಸಾರಸ್ವತ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರ್ ಬ್ರಿಟಿಷ್ ಸರಕಾರದಲ್ಲಿ ದೊಡ್ಡ ಅಧಿಕಾರಿ, ತಾಯಿ ಗಿರಿಜಾಬಾಯಿ. ಕಮಲಾದೇವಿಗೆ ಏಳು ವರ್ಷವಾದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನಿಗೆ ಹೋಯಿತು, ತಾಯಿಗೆ ಸಿಕ್ಕಿದ್ದು ತಿಂಗಳ ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನು ಬೇಡ ಎಂದು, ತವರಿನಿಂದ ಬಂದ ಸ್ವತ್ತಿನಲ್ಲೇ ಹೆಣ್ಣುಮಕ್ಕಳನ್ನು ಬೆಳೆಸಿದರು. ಯಾರ ಹಂಗಿಗೂ ಬೀಳದೆ ಬದುಕುವುದು ಹೇಗೆಂದು ಮಗಳು ಮೊದಲು ಕಲಿತದ್ದು ಇಲ್ಲಿ.

ಆಗಿನ ರೂಢಿಯಂತೆ ಇನ್ನೂ ಹುಡುಗಿಯಾಗಿದ್ದಾಗಲೇ ಮದುವೆಯಾಯಿತು, ಸ್ವಲ್ಪ ಕಾಲದಲ್ಲೇ ಗಂಡ ತೀರಿಕೊಂಡರು. ವಿಧವೆಯಾದವಳು ಯಾವ ಬಣ್ಣದ ಸೀರೆ ಉಡಬೇಕು ಎಂಬುದನ್ನೂ ಊರೇ ನಿರ್ಧರಿಸುತ್ತಿದ್ದ ಕಾಲ ಅದು. ಕಮಲಾದೇವಿ ಮಾತ್ರ ಓದು ಮುಂದುವರಿಸಿದರು. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿದ್ದಾಗ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ವಿರೋಧದ ನಡುವೆಯೇ ಇಬ್ಬರೂ ಮದುವೆಯಾದರು. ಮುಂದೆ ಆ ದಾಂಪತ್ಯವೂ ಉಳಿಯಲಿಲ್ಲ. ಆಗ ಅವರು ವಿಚ್ಛೇದನ ಪಡೆದರು. ಆ ದಿನಗಳಲ್ಲಿ ಅದು ಸಣ್ಣ ಮಾತಲ್ಲ.

ಓದಲೆಂದು ಲಂಡನ್ನಿಗೆ ಹೋಗಿದ್ದ ಕಮಲಾದೇವಿ ಅಸಹಕಾರ ಚಳವಳಿಯ ಸುದ್ದಿ ಕೇಳಿ ವಾಪಸು ಬಂದರು. ಆ ಚಳವಳಿಯಲ್ಲಿ ಬಟ್ಟೆಗೆ ಎಷ್ಟು ದೊಡ್ಡ ಜಾಗ ಇತ್ತೆಂದು ನಮಗೆಲ್ಲ ಪಾಠದಲ್ಲಿ ಬಂದಿದೆ. ಆದರೆ ಪಾಠದಲ್ಲಿ ಅಷ್ಟಾಗಿ ಹೇಳದ ಒಂದು ಸಂಗತಿ ಉಂಟು. ಆಗ ಮಿಲ್ಲಿನ ಬಟ್ಟೆ ಅಗ್ಗ, ನಯ, ನೋಡಲಿಕ್ಕೂ ಚಂದ. ಖಾದಿಯೋ ಒರಟು, ಭಾರ, ಮೇಲಿಂದ ದುಬಾರಿ. ಬರೀ ಜೇಬಿನ ಲೆಕ್ಕ ನೋಡಿದ್ದರೆ ಖಾದಿ ಕೊಳ್ಳಲು ಯಾವ ಕಾರಣವೂ ಇರಲಿಲ್ಲ. ಆದರೂ ಜನ ಕೊಂಡರು, ಏಕೆಂದರೆ ಆ ಹೆಚ್ಚುವರಿ ದುಡ್ಡು ನೂಲುವವರಿಗೂ ನೇಯುವವರಿಗೂ ಹೋಗುತ್ತದೆಂದು ಅವರಿಗೆ ಗೊತ್ತಿತ್ತು.

1926ರಲ್ಲಿ ಕಮಲಾದೇವಿ ಮದ್ರಾಸ್ ಪ್ರಾಂತ್ಯದ ಶಾಸನ ಸಭೆಯ ಚುನಾವಣೆಗೆ ನಿಂತರು. ಹೆಣ್ಣೊಬ್ಬಳು ಹೀಗೆ ಚುನಾವಣೆಗೆ ನಿಂತದ್ದು ಭಾರತದಲ್ಲಿ ಅದೇ ಮೊದಲು. ಕೆಲವೇ ಮತಗಳಿಂದ ಸೋತರು. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಸಂಘಟನೆಯ ಹೊಣೆ ಹೊತ್ತರು. 1930ರಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಜಾಗ ಬೇಕೆಂದು ಗಾಂಧೀಜಿಯನ್ನೇ ಒಪ್ಪಿಸಿದರು. ಬೊಂಬಾಯಿಯಲ್ಲಿ ಕಾನೂನು ಮುರಿದು ತಯಾರಿಸಿದ ಉಪ್ಪಿನ ಪೊಟ್ಟಣ ಹಿಡಿದು ಸ್ಟಾಕ್ ಎಕ್ಸ್‌ಚೇಂಜಿಗೇ ನುಗ್ಗಿ ಮಾರಿದರು. ಕಾಸಿನ ಉಪ್ಪಿಗೆ ಜನ ಎಷ್ಟೋ ಪಟ್ಟು ಹೆಚ್ಚು ಕೊಟ್ಟರು. ಅವರು ಬೆಲೆ ಕೊಟ್ಟದ್ದು ಬರೀ ಉಪ್ಪಿಗಲ್ಲ. ಕಮಲಾದೇವಿಗೆ ಜೈಲಾಯಿತು.

ಸ್ವಾತಂತ್ರ್ಯ ಬಂದಾಗ ಅವರಿಗೆ 44 ವರ್ಷ. ಅಧಿಕಾರದ ಕುರ್ಚಿ ಹುಡುಕಿಕೊಂಡು ಹೋಗಲಿಲ್ಲ. ದೇಶವಿಭಜನೆಯಿಂದ ದೆಹಲಿಗೆ ಬಂದ ನಿರಾಶ್ರಿತರ ಕೆಲಸಕ್ಕೆ ಇಳಿದರು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ವಾಯವ್ಯ ಗಡಿನಾಡಿನಿಂದ ಬಂದ ಹತ್ತಾರು ಸಾವಿರ ಜನರಿಗೆ ಫರೀದಾಬಾದ್ ಪಟ್ಟಣ ಎದ್ದುನಿಂತದ್ದರಲ್ಲಿ ಇವರ ಪಾತ್ರ ದೊಡ್ಡದು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಅದರ ಅಧ್ಯಕ್ಷೆಯಾದರು. ಬಹುಕಾಲ ಆ ಜವಾಬ್ದಾರಿ ಅವರದೇ ಆಗಿತ್ತು. ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಅನ್ನು ಅವರ ಸಹಕಾರಿ ಸಂಘ ವಹಿಸಿಕೊಂಡಿತು.

ನಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಈ ಕೆಲಸದಲ್ಲಿ. ದೇಶದ ಮೂಲೆಮೂಲೆಯ ನೇಕಾರರು, ಬಣ್ಣ ಹಾಕುವವರು, ಕುಂಬಾರರು ಕೆಲಸ ಬಿಟ್ಟು ಬೇರೆ ಕೂಲಿಗೆ ಹೋಗುತ್ತಿದ್ದ ಸಮಯ ಅದು. ಪೇಟೆಯ ಶ್ರೀಮಂತ ಹೆಂಗಸರಿಗೆ ಫ್ಯಾಶನ್ ಅಂದರೆ ವಿದೇಶಿ ಶಿಫಾನ್, ಜಾರ್ಜೆಟ್. ಪಾಪ, ಬಡವರು ಮಾಡಿದ್ದು ಅಂತ ಯಾರಾದರೂ ಒಮ್ಮೆ ಕೊಂಡಾರು, ಎರಡನೇ ಸಲ ಬರುವುದಿಲ್ಲ. ಆದ್ದರಿಂದ ವಸ್ತು ಚೆನ್ನಾಗಿರಬೇಕು, ಬಳಸಲು ಬರಬೇಕು, ಅದಕ್ಕೆ ಸರಿಯಾದ ಬೆಲೆಯೂ ಸಿಗಬೇಕು ಎಂಬುದು ಅವರ ದಾರಿ. ಅವರ ಫೋಟೋಗಳನ್ನು ನೋಡಿ: ಕೈಮಗ್ಗದ ಸೀರೆ, ದಪ್ಪ ಬೆಳ್ಳಿಯ ಒಡವೆ. ಅವರನ್ನು ನೋಡಿಯೇ ಎಷ್ಟೋ ಮಂದಿ ಕೈಮಗ್ಗಕ್ಕೆ ತಿರುಗಿದರು.

ಕಲಂಕಾರಿಯದ್ದೇ ಉದಾಹರಣೆ ತೆಗೆದುಕೊಳ್ಳೋಣ. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಈ ಕಲೆ ಇನ್ನೇನು ಮುಗಿಯಿತು ಅನ್ನುವಾಗ ಕರಕುಶಲ ಮಂಡಳಿ 1950ರ ದಶಕದಲ್ಲಿ ಅಲ್ಲೊಂದು ತರಬೇತಿ ಕೇಂದ್ರ ತೆರೆಯಿತು. ಅಸಲಿ ಕಲಂಕಾರಿ ಆಗುವುದು ಹೇಗೆ ಗೊತ್ತುಂಟಾ? ಬಟ್ಟೆಯನ್ನು ಅಳಲೆಕಾಯಿ ರಸ ಮತ್ತು ಹಾಲಿನಲ್ಲಿ ಅದ್ದಿ ಒಣಗಿಸಬೇಕು. ಕಬ್ಬಿಣದ ಚೂರು, ಬೆಲ್ಲ ಕೊಳೆಸಿ ಕಪ್ಪು ಬಣ್ಣ ಮಾಡಬೇಕು. ಬಿದಿರಿನ ಲೇಖನಿಯಿಂದ ಕೈಯಲ್ಲೇ ಚಿತ್ರ ಬರೆಯಬೇಕು. ಒಂದೊಂದು ಬಣ್ಣಕ್ಕೂ ಮತ್ತೆ ಮತ್ತೆ ತೊಳೆಯಬೇಕು, ಒಣಗಿಸಬೇಕು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಒಂದು ಟೈಟ್ರೇಶನ್ ಸರಿ ಬರಲಿಕ್ಕೆ ನಾವು ಪಡುವ ಪಾಡು ನೆನೆಸಿಕೊಂಡರೆ ಇದರ ಕಷ್ಟ ಅರ್ಥವಾದೀತು. ಈಗ ಬೀದಿಬದಿಯಲ್ಲಿ 400 ರೂಪಾಯಿಗೆ ಸಿಗುವ ಕಲಂಕಾರಿ ಟಾಪ್‌ನ ಮೇಲಿರುವುದು ಆ ಚಿತ್ರದ ಪ್ರಿಂಟ್ ಅಷ್ಟೆ.

ಹಾಗಾದರೆ ದುಬಾರಿಯದ್ದೆಲ್ಲ ಒಳ್ಳೆಯದು ಅಂತಲಾ? ಅಲ್ಲವೇ ಅಲ್ಲ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹೊಲಿಯುತ್ತಿದ್ದದ್ದು ಹೆಸರಾಂತ ವಿದೇಶಿ ಬ್ರ್ಯಾಂಡ್‌ಗಳ ಬಟ್ಟೆ. 4,000 ರೂಪಾಯಿಯ ಶರ್ಟಿನಲ್ಲಿ ಜಾಹೀರಾತು, ಮಾಲ್‌ನ ಬಾಡಿಗೆ, ಎದೆಯ ಮೇಲಿನ ಪುಟ್ಟ ಲೋಗೋ ಎಲ್ಲದಕ್ಕೂ ಪಾಲು ಇರುತ್ತದೆ. ಹೊಲಿದವಳ ಪಾಲು ಎಷ್ಟೆಂದು ಬೆಲೆಯ ಚೀಟಿ ಹೇಳುವುದಿಲ್ಲ.

ಕಮಲಾದೇವಿಯವರ ದಾರಿಗೂ ಒಂದು ಆಕ್ಷೇಪ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೈಮಗ್ಗ ಈಗ ಉಳ್ಳವರ ಫ್ಯಾಶನ್ ಆಗಿಬಿಟ್ಟಿದೆ. ದೊಡ್ಡ ಅಂಗಡಿಯ ಕೈಮಗ್ಗದ ಸೀರೆಯನ್ನು ಅದನ್ನು ನೇಯ್ದವಳೇ ಕೊಳ್ಳಲಾರಳು. 2019-20ರ ಕೈಮಗ್ಗ ಗಣತಿಯಂತೆ ದೇಶದಲ್ಲಿ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರಿದ್ದಾರೆ, ಅವರಲ್ಲಿ ಹೆಚ್ಚಿನವರು ಹೆಂಗಸರು. ಮೂರರಲ್ಲಿ ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಬೆಲೆ ಏರಿದರೂ ಮಗ್ಗದ ಮನೆಗೆ ದುಡ್ಡು ಮುಟ್ಟುತ್ತಿಲ್ಲ ಎಂದೇ ಇದರ ಅರ್ಥ. ಕಮಲಾದೇವಿ ಸಹಕಾರಿ ಸಂಘಗಳ ಮೇಲೆ ಅಷ್ಟು ಒತ್ತು ಕೊಟ್ಟದ್ದೇಕೆಂದು ಈಗ ತಿಳಿಯುತ್ತದೆ. ಮಾಡಿದವರೇ ಮಾರುವ ಸಂಘದ ಪಾಲುದಾರರಾದರೆ ನಡುವಿನ ಕೈಗಳು ಕಡಿಮೆಯಾಗುತ್ತವೆ.

ಇದು ನಮ್ಮ ಜಿಲ್ಲೆಯ ಕಥೆಯೂ ಹೌದು. ಒಂದು ಕಾಲಕ್ಕೆ ಮಂಗಳೂರು ಮಗ್ಗದ ಊರು. ಖಾಕಿ ಬಣ್ಣ ಹುಟ್ಟಿದ್ದೇ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಶಾಲೆಯಲ್ಲಿ ಎಂಬ ಮಾತಿದೆ. ನಮ್ಮದೇ ಉಡುಪಿ ಸೀರೆಗೆ ಜಿಐ ಮಾನ್ಯತೆ ಸಿಕ್ಕಿದೆ, ಆದರೆ ನೇಯುವವರು ಬೆರಳೆಣಿಕೆಯಷ್ಟು. ಅವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ. ನೂಲಿಗೆ ಗಂಜಿ ಹಾಕಿ, ಹಾಸು ಕಟ್ಟಿ, ಲಾಳಿ ಓಡಿಸಿ ಒಂದು ಸೀರೆ ಮುಗಿಸಲು ದಿನಗಳೇ ಬೇಕು.

ಎಂಜಿನಿಯರಿಂಗ್ ಓದುವವರು ನಾವು, ಒಂದು ಸಣ್ಣ ಲೆಕ್ಕ ಮಾಡೋಣ. 2,500 ರೂಪಾಯಿಯ ಹತ್ತಿ ಸೀರೆಯನ್ನು 100 ಸಲ ಉಟ್ಟರೆ ಒಂದು ಸಲಕ್ಕೆ ಬಿದ್ದದ್ದು 25 ರೂಪಾಯಿ. 600 ರೂಪಾಯಿಯ ಟಾಪನ್ನು ನಾಲ್ಕು ಸಲ ಹಾಕಿ ಮೂಲೆಗೆ ಎಸೆದರೆ ಒಂದು ಸಲಕ್ಕೆ 150 ರೂಪಾಯಿ. ಅಮ್ಮನ ಪ್ರಶ್ನೆಗೆ ಇದು ಅರ್ಧ ಉತ್ತರ. ಈ ದುಡ್ಡು ಯಾರ ಕೈಗೆ ಹೋಗುತ್ತದೆ ಎಂದು ಕೇಳಿಕೊಂಡರೆ ಉಳಿದರ್ಧವೂ ಸಿಗುತ್ತದೆ. ಎರಡೂ ಲೆಕ್ಕ ಸರಿಬಂದರೆ ದುಬಾರಿ ಬಟ್ಟೆ ಆ ಬೆಲೆ ಬಾಳುತ್ತದೆ. ಬರೀ ಹೆಸರಿಗೆ ಕೊಡುವ ದುಡ್ಡು ಬಾಳುವುದಿಲ್ಲ. ಹೊಸ ಬಟ್ಟೆಗೆ ದುಡ್ಡೇ ಇಲ್ಲವಾದರೆ ಅಜ್ಜಿಯ ಪೆಟ್ಟಿಗೆಯಲ್ಲಿರುವ ಸೀರೆ ಉಟ್ಟು ಬನ್ನಿ, ಅದಕ್ಕಿಂತ ಚಂದದ್ದು ಬೇರೆ ಉಂಟಾ?

ಕಮಲಾದೇವಿಯವರಿಗೆ 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು ತೀರಿಕೊಂಡರು. ನಮ್ಮ ಕಾಲೇಜಿನಿಂದ ಕಿನ್ನಿಗೋಳಿಗೆ ಬಸ್ಸಿನಲ್ಲಿ ಗಂಟೆಯ ದಾರಿ, ಅಲ್ಲಿ ತಾಳಿಪಾಡಿ ನೇಕಾರರ ಸಹಕಾರ ಸಂಘದಲ್ಲಿ ಉಡುಪಿ ಸೀರೆ ಸಿಗುತ್ತದೆ. ಬೇರೆ ಕಡೆ ಕೊಳ್ಳುವುದಾದರೆ ಹ್ಯಾಂಡ್‌ಲೂಮ್ ಮಾರ್ಕ್ ಇದೆಯಾ ನೋಡಿ, ಅಂಚಿನುದ್ದಕ್ಕೂ ಮಗ್ಗದ ಸಣ್ಣ ಸೂಜಿತೂತು ಕಾಣುತ್ತದಾ ನೋಡಿ. ಈ ಸಲದ ಎಥ್ನಿಕ್ ಡೇಗೆ ಇನ್ನೂ ಸಮಯ ಇದೆ, ಒಂದು ಶನಿವಾರ ಹೋಗಿ ಬನ್ನಿ.