ಸೇವಾವ್ರತೆ ಜೇನ್ ಆಡಮ್ಸ್

ಹೊಟ್ಟೆಯ ಪಾಡಿಗಾಗಿ ಹುಟ್ಟೂರನ್ನು ಬಿಟ್ಟು ಪರಸ್ಥಳದಲ್ಲಿ ನೆಲೆಸಿದವರಿಗೆ ಭಾಷೆಯ ತೊಡಕು ಎಂಥದೆಂಬುದನ್ನು ಮುಂಬಯಿಯ ಕನ್ನಡಿಗರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂತಹ ಜನರ ಮಕ್ಕಳ ಹಿತವನ್ನು ಬಾಳಿನ ವ್ರತವಾಗಿ ಕೈಕೊಂಡ ಮಹಿಳೆಯೊಬ್ಬಳ ಚರಿತ್ರವನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಜೇನ್ ಆಡಮ್ಸ್ 1860ನೆಯ ಇಸವಿಯ ಸೆಪ್ಟೆಂಬರ್ 6ರಂದು ಅಮೇರಿಕೆಯ ಇಲಿನಾಯ್ ಸಂಸ್ಥಾನದ ಸೀಡರ್‌ವಿಲ್ ಎಂಬ ಹಳ್ಳಿಯಲ್ಲಿ ಜನಿಸಿದಳು. ತಂದೆ ಗಿರಣಿಯ ಒಡೆಯ. ಅಬ್ರಹಾಂ ಲಿಂಕನ್ನನ ಸ್ನೇಹಿತ. ತಾಯಿ ಮಗುವಿನ ಎಳವೆಯಲ್ಲಿಯೇ ತೀರಿಕೊಂಡಳು. ಬೆನ್ನೆಲುಬಿನ ಬೇನೆಯೂ ಬಾಲ್ಯದಿಂದಲೇ ಕಾಡಿತು. 1881ರಲ್ಲಿ ರಾಕ್‌ಫರ್ಡ್ ವಿದ್ಯಾಲಯದ ವ್ಯಾಸಂಗ ಮುಗಿಯಿತು. ಅದೇ ವರ್ಷ ತಂದೆಯೂ ಅಗಲಿದನು. ವೈದ್ಯಳಾಗಬೇಕೆಂಬ ಆಸೆಗೆ ಅನಾರೋಗ್ಯ ಅಡ್ಡಬಂದಿತು. 1888ರಲ್ಲಿ ಲಂಡನ್ನಿನ ಟಾಯ್ನ್‌ಬೀ ಹಾಲಿನಲ್ಲಿ ವಿದ್ಯಾವಂತರು ಬಡವರ ನಡುವೆಯೇ ವಾಸಿಸಿ ಸೇವೆಗೈಯುವುದನ್ನು ಕಂಡ ಮೇಲೆ ಆಕೆಗೆ ತನ್ನ ದಾರಿ ಗೋಚರಿಸಿತು.

1889ರ ಸೆಪ್ಟೆಂಬರಿನಲ್ಲಿ ಆಕೆಯೂ ಗೆಳತಿ ಎಲೆನ್ ಸ್ಟಾರಳೂ ಶಿಕಾಗೋ ನಗರದ ಹಾಲ್‌ಸ್ಟೆಡ್ ಬೀದಿಯಲ್ಲಿ 'ಹಲ್ ಹೌಸ್' ಎಂಬ ಹಳೆಯ ಮನೆಯನ್ನು ಹಿಡಿದು ನೆಲೆಸಿದರು. ಸುತ್ತಲೂ ಇಟಲಿಯವರು, ಜರ್ಮನರು, ಗ್ರೀಕರು, ರಷ್ಯದಿಂದ ಬಂದ ಯಹೂದ್ಯರು. ಒಂದೊಂದು ಕೇರಿಗೆ ಒಂದೊಂದು ನುಡಿ. ಶಿಶುವಿಹಾರ ತೆರೆಯಿತು, ಹಗಲೆಲ್ಲ ದುಡಿದು ಬಂದವರಿಗೆ ಸಂಜೆ ಇಂಗ್ಲಿಷಿನ ಪಾಠಗಳು ನಡೆದವು.

ಆದರೆ ಆಕೆ ಒಂದು ಅನರ್ಥವನ್ನು ಗುರುತಿಸಿದಳು. ಮಕ್ಕಳು ಶಾಲೆಯಲ್ಲಿ ಬೇಗನೆ ಇಂಗ್ಲಿಷನ್ನು ಕಲಿತರು, ತಾಯ್ತಂದೆಗಳು ಹಿಂದುಳಿದರು. ಅಂಗಡಿಯಲ್ಲಿ, ಕಚೇರಿಯಲ್ಲಿ ಮಗುವೇ ದುಭಾಷಿಯಾಯಿತು. ಕ್ರಮೇಣ ಹೆತ್ತವರ ಉಡುಪು, ಮಾತು, ಕಸುಬುಗಳೆಲ್ಲ ಮಕ್ಕಳಿಗೆ ನಾಚಿಕೆಯ ವಿಷಯಗಳಾದವು.

ಇದಕ್ಕೆ ಪರಿಹಾರವೆಂದು 1900ರಲ್ಲಿ ಹಲ್ ಹೌಸಿನಲ್ಲಿ ಒಂದು ಶ್ರಮ ಸಂಗ್ರಹಾಲಯ ಆರಂಭವಾಯಿತು. ನೆರೆಯ ವೃದ್ಧೆಯರು ತಮ್ಮ ನಾಡಿನ ರೀತಿಯಲ್ಲಿ ಅಲ್ಲಿ ನೂಲುತ್ತಿದ್ದರು, ನೇಯುತ್ತಿದ್ದರು. ಇಟಲಿಯ ಆಂಜೆಲಿನಾ ಎಂಬ ಹುಡುಗಿ ಅಡಿಗೆಯ ಪಾಠಕ್ಕೆ ಬರುವಾಗ, ತಲೆವಸ್ತ್ರ ಕಟ್ಟಿದ ತನ್ನ ತಾಯಿಯೊಡನೆ ಕಾಣಿಸಿಕೊಳ್ಳಲು ಅಂಜಿ ಬೇರೆ ಬಾಗಿಲಿನಿಂದ ಒಳಹೋಗುತ್ತಿದ್ದಳು. ಒಂದು ಸಂಜೆ, ನಮ್ಮ ತಕಲಿಯಂತಹ ಕದಿರನ್ನು ತಿರುಗಿಸುತ್ತಿದ್ದ ಆ ತಾಯಿಯನ್ನು ಶಿಕ್ಷಣಶಾಸ್ತ್ರದವರು ಸುತ್ತುವರಿದು ಮೆಚ್ಚಿಕೊಳ್ಳುತ್ತಿರುವುದನ್ನು ಕಂಡಳು. ಅಂದಿನಿಂದ ಅವಳ ದೃಷ್ಟಿ ಬದಲಾಯಿತು. ತಾಯಿಮಗಳಿಬ್ಬರೂ ಒಂದೇ ಬಾಗಿಲಿನಿಂದ ಬರತೊಡಗಿದರು.

1905ರಲ್ಲಿ ಜೇನಳು ಶಿಕಾಗೋದ ಶಿಕ್ಷಣ ಮಂಡಲಿಯ ಸದಸ್ಯೆಯಾದಳು. 1908ರಲ್ಲಿ ರಾಷ್ಟ್ರೀಯ ಶಿಕ್ಷಣ ಸಂಘದ ಮುಂದೆ ಈ ವಿಷಯವನ್ನೇ ಎತ್ತಿಕೊಂಡಳು. ಶಾಲೆ ಇಂಗ್ಲಿಷನ್ನು ಕಲಿಸಬೇಕು, ಆದರೆ ಮಗುವನ್ನು ಮನೆಯಿಂದ ಕಡಿಯಬಾರದು. ಮಗುವಿನ ಮನೆಯ ಸಂಸ್ಕೃತಿಯನ್ನು ಶಿಕ್ಷಕರು ಅರಿಯಬೇಕು ಎಂಬುದು ಆಕೆಯ ವಾದವಾಗಿತ್ತು.

ಮೊದಲನೆಯ ಮಹಾಯುದ್ಧವನ್ನು ವಿರೋಧಿಸಿ ಆಕೆ ಸ್ವದೇಶೀಯರ ನಿಂದೆಗೆ ಗುರಿಯಾದಳು. 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಕದಲ್ಲಿ ಪಾಲುಪಡೆದಳು. 1935ರ ಮೇ 21ರಂದು ಶಿಕಾಗೋದಲ್ಲಿ ತೀರಿಕೊಂಡಳು. ಆ ಹಳೆಯ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ.

ಈ ಚರಿತ್ರವನ್ನು ಓದಿದಾಗ ನಮಗೆ ನಮ್ಮ ತರಗತಿಯೇ ನೆನಪಾಯಿತು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಕನ್ನಡ. ಬೀದಿಯಲ್ಲಿ ಮರಾಠಿ, ಹಿಂದಿ. ಇವುಗಳ ಮೇಲೆ ಇಂಗ್ಲಿಷು. ಇಷ್ಟು ಹೊರೆ ಹೊತ್ತ ಮಗು ಇಂಗ್ಲಿಷಿನಲ್ಲಿ ತಡವರಿಸಿದಾಗ ನಾವು ಗದರಿಸಿದ್ದುಂಟು. ಅದು ನಮ್ಮ ತಪ್ಪು. ರೈಲಿನಲ್ಲಿ ತಾಯಿ ತನ್ನ ನುಡಿಯಲ್ಲಿ ಕರೆದರೆ ಮುಖ ತಿರುಗಿಸುವ ವಿದ್ಯಾರ್ಥಿಗಳನ್ನೂ ಕಂಡಿದ್ದೇವೆ. ಮಕ್ಕಳೇ, ಇಂಗ್ಲಿಷನ್ನು ಚೆನ್ನಾಗಿ ಕಲಿಯಿರಿ. ಆದರೆ ಹೆತ್ತವರೊಡನೆ ಒಂದೇ ಬಾಗಿಲಿನಿಂದ ಬನ್ನಿರಿ. ಆ ಬಾಗಿಲನ್ನು ತೆರೆದಿಡುವುದು ಶಿಕ್ಷಕರಾದ ನಮ್ಮ ಕರ್ತವ್ಯ.