ವಂಶವಾಹಿಗಳ ಮೊದಲ ನಕ್ಷೆ ಬರೆದ ಆಲ್ಫ್ರೆಡ್ ಸ್ಟರ್ಟೆವಾಂಟ್



ನೆಟೆ ರೋಗ ತಡೆಯುವ ತೊಗರಿಯನ್ನು ಸಂಕರಣಕ್ಕೆ ಬಳಸಿದಾಗ, ಬೇಕಾದ ಗುಣದ ಬೆನ್ನಿಗೆ ಬೇಡದ ಗುಣವೂ ಬರುವುದುಂಟು. ಶರಣಸಿರಸಗಿಯ ಹೊಲದಲ್ಲಿ ನಿಂತು ಇದೇಕೆಂದು ನೀವು ಕೇಳಿದರೆ, ಉತ್ತರಕ್ಕಾಗಿ ಸ್ಟರ್ಟೆವಾಂಟರ ಜೀವನವನ್ನು ನೋಡಬೇಕು.

1891ರಲ್ಲಿ ಅಮೆರಿಕದಲ್ಲಿ ಜನಿಸಿದ ಅವರು ಬೆಳೆದದ್ದು ಅಲಬಾಮಾದ ಹೊಲಮನೆಯಲ್ಲಿ. ತಂದೆಯ ಕುದುರೆಗಳ ವಂಶಾವಳಿ ಬರೆದಿಡುವುದು ಬಾಲ್ಯದ ಹವ್ಯಾಸ. ಕುದುರೆಗಳ ಮೈಬಣ್ಣದ ಕುರಿತ ಅವರ ಬರಹವನ್ನು ಮೆಚ್ಚಿ, ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಗನ್ ತಮ್ಮ ಹಣ್ಣುನೊಣಗಳ ಪ್ರಯೋಗಾಲಯದಲ್ಲಿ ಸ್ಥಾನ ನೀಡಿದರು. ಸ್ವತಃ ಬಣ್ಣಗುರುಡರಾಗಿದ್ದವರು ಬಣ್ಣದ ಅನುವಂಶೀಯತೆಯಿಂದಲೇ ಆರಂಭಿಸಿದ್ದು ಸೋಜಿಗವೇ ಸರಿ.

1911ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಪಾಠದ ಅಭ್ಯಾಸ ಬದಿಗಿಟ್ಟು ಒಂದು ರಾತ್ರಿಯಿಡೀ ನೊಣಗಳ ಲೆಕ್ಕ ಹಾಕಿದರು. ಒಂದೇ ವರ್ಣತಂತುವಿನಲ್ಲಿ ಹತ್ತಿರವಿರುವ ವಂಶವಾಹಿಗಳು ಬಹುಮಟ್ಟಿಗೆ ಜೊತೆಯಾಗಿಯೇ ಸಂತತಿಗೆ ಸಾಗುತ್ತವೆ. ದೂರವಿದ್ದಷ್ಟೂ ಹೆಚ್ಚು ಬೇರ್ಪಡುತ್ತವೆ. ಹಾಗಾದರೆ ಬೇರ್ಪಟ್ಟ ಪ್ರಮಾಣವೇ ಅಂತರದ ಅಳತೆ. ನೂರರಲ್ಲಿ ಒಂದು ಬೇರ್ಪಟ್ಟರೆ ಒಂದು ಮಾನ. ಆರು ಗುಣಗಳ ಆ ನಕ್ಷೆ 1913ರಲ್ಲಿ ಪ್ರಕಟವಾಯಿತು.

1921ರಲ್ಲಿ ಅವರು ಎರಡು ನೊಣ ಪ್ರಭೇದಗಳ ನಕ್ಷೆಗಳನ್ನು ಹೋಲಿಸಿ, ಒಂದರಲ್ಲಿ ವಂಶವಾಹಿಗಳ ಸಾಲು ತಿರುಗಿರುವುದನ್ನು ತೋರಿಸಿದರು. ಸಲಮಾಂಡರ್ ಎಂಬ ಉಭಯಚರದ ನಕ್ಷೆಯನ್ನು ಇತರ ಪ್ರಾಣಿಗಳದರೊಡನೆ ಹೋಲಿಸುವವರದೂ ಇದೇ ಕ್ರಮ.

ಸ್ಟರ್ಟೆವಾಂಟ್ 1970ರಲ್ಲಿ ನಿಧನರಾದರು. 2011ರಲ್ಲಿ ಪಟಾನ್‌ಚೆರುವಿನ ಇಕ್ರಿಸ್ಯಾಟ್ ನೇತೃತ್ವದಲ್ಲಿ ‘ಆಶಾ’ ತೊಗರಿ ತಳಿಯ ಜೀನೋಮ್ ಬಿಡಿಸಿ, ಸೋಯಾಬೀನ್‌ನೊಡನೆ ಹೋಲಿಸಲಾಯಿತು. ರೋಗನಿರೋಧಕ ವಂಶವಾಹಿಯ ಪಕ್ಕದ ಗುರುತು ಖಚಿತವಾದರೆ, ಹೊಲದಲ್ಲಿ ಗಿಡ ಒಣಗುವವರೆಗೆ ಕಾಯದೆ ಎಳೆಯ ಸಸಿಯಲ್ಲಿಯೇ ತಳಿ ಆಯ್ದುಕೊಳ್ಳಬಹುದು.